ಅಂಕಿತವೊಂದನ್ನೇ ನೋಡಿದರೆ ಸಾಲದು

ಕಳೆದ ಬಸವ ಜಯಂತಿಯಂದು ನಮ್ಮ ಭಾಗದ ಒಂದು ಹಳ್ಳಿಯಲ್ಲಿ ಮಾತಾಡಲು ಕರೆದಿದ್ದರು. ಪೂಜ್ಯರ ಸಾನ್ನಿಧ್ಯವಿತ್ತು, ಸಭೆ ತುಂಬಿತ್ತು. ಮೇಲುಕೀಳಿನ ವಿಚಾರಕ್ಕೆ ಬಂದಾಗ, ಎರಡು ದಿನ ಮೊದಲು ವಾಟ್ಸಾಪಿನಲ್ಲಿ ಬಂದಿದ್ದ ಒಂದು ವಚನವನ್ನು ದನಿ ಏರಿಸಿ ಓದಿದೆ. ಕೊನೆಗೆ ‘ಕೂಡಲಸಂಗಮದೇವ’ ಎಂದಿತ್ತು. ಚಪ್ಪಾಳೆಯೂ ಬಿತ್ತು. ಪ್ರಸಾದಕ್ಕೆ ಕುಳಿತಾಗ ಎದುರು ಪಂಕ್ತಿಯಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: “ಸರ, ಆ ವಚನ ಯಾವ ಸಂಪುಟದಾಗ ಐತ್ರಿ?” ನೆನಪಿಲ್ಲ, ಹುಡುಕಿ ಹೇಳುತ್ತೇನೆ ಯಜಮಾನರೇ ಎಂದೆ. ಅವರು ರೊಟ್ಟಿ ಮುರಿಯುತ್ತಾ, “ಹುಡುಕ್ರಿ. ಆದ್ರ ಸಿಗೂದಿಲ್ಲ ಅನಸ್ತೈತ್ರಿ. ಬಸವಣ್ಣ ಹಂಗ ಮಾತು ಜೋಡ್ಸೂದಿಲ್ಲ” ಎಂದರು.

ಹುಡುಕಿದೆ. ಸಿಗಲಿಲ್ಲ. ಸಂಪುಟಗಳಲ್ಲಿಲ್ಲ, ಗಣಕದಲ್ಲಿ ಪದ ಹಾಕಿ ಹುಡುಕಿದರೂ ಇಲ್ಲ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಕೇಳಿಸದೇ ಹೋದದ್ದು, ದಿನವೂ ಸಂಜೆ ಮಠದಲ್ಲಿ ಒಂದೊಂದು ಪುಟ ವಚನ ಓದುವ ಒಕ್ಕಲಿಗನೊಬ್ಬನ ಕಿವಿಗೆ ಒಂದೇ ಸಲಕ್ಕೆ ಕೇಳಿಸಿತ್ತು. ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಹೆಚ್ಚಾಗಿ ಕಾಡಿದ್ದು ಅವರ ಮಾತು. ಆ ವಿಚಾರ ಬಸವಣ್ಣನದಲ್ಲ ಎಂದು ಅವರು ಹೇಳಲಿಲ್ಲ. ವಿಚಾರ ಬಸವಣ್ಣನದೇ ಆಗಿರಬಹುದಿತ್ತು. ಮಾತು ಜೋಡಿಸಿದ ಬಗೆ ಅವನದಲ್ಲ ಎಂದರು.

ಈ ಯಜಮಾನರು ಮಾಡಿದ್ದಕ್ಕೆ ಪಶ್ಚಿಮದ ನ್ಯಾಯಾಲಯಗಳಲ್ಲಿ ಒಂದು ಹೆಸರಿದೆ: ಫೊರೆನ್ಸಿಕ್ ಭಾಷಾವಿಜ್ಞಾನ. ಒಂದು ಬರಹವನ್ನು ಅಥವಾ ಹೇಳಿಕೆಯನ್ನು ಯಾರು ಬರೆದರು, ಯಾರ ಬಾಯಿಂದ ಬಂತು ಎಂಬುದನ್ನು ಅದರ ಭಾಷೆಯಿಂದ, ವಿಶೇಷವಾಗಿ ವಾಕ್ಯ ಕಟ್ಟಿದ ರೀತಿಯಿಂದ ಪತ್ತೆ ಮಾಡುವ ವಿದ್ಯೆ. ಇದು ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಗಲ್ಲುಗಂಬದ ನೆರಳಿನಲ್ಲಿ.

ಲಂಡನ್ನಿನಲ್ಲಿ ತಿಮೊಥಿ ಇವಾನ್ಸ್ ಎಂಬ ಹೆಚ್ಚುಕಡಿಮೆ ಅನಕ್ಷರಸ್ಥ ತರುಣನನ್ನು ಅವನದೇ ಹಸುಳೆ ಮಗಳನ್ನು ಕೊಂದ ಆರೋಪದ ಮೇಲೆ 1950ರಲ್ಲಿ ಗಲ್ಲಿಗೇರಿಸಿದರು. ಮೂರು ವರ್ಷದ ನಂತರ ಅದೇ ಮನೆಯ ಕೆಳಮಹಡಿಯಲ್ಲಿದ್ದ ಕ್ರಿಸ್ಟಿ ಎಂಬಾತ ಸರಣಿ ಕೊಲೆಗಾರನೆಂದು ಬಯಲಾಯಿತು. ಇವಾನ್ಸನಿಗೆ ಸತ್ತ ಮೇಲೆ, 1966ರಲ್ಲಿ ಕ್ಷಮಾದಾನ ಸಿಕ್ಕಿತು. ಸ್ವೀಡನ್ನಿನ ಭಾಷಾವಿಜ್ಞಾನಿ ಯಾನ್ ಸ್ವಾರ್ಟ್‌ವಿಕ್ ಪೊಲೀಸರು ದಾಖಲಿಸಿಕೊಂಡಿದ್ದ ಇವಾನ್ಸನ ಹೇಳಿಕೆಗಳನ್ನು ಮುಂದಿಟ್ಟುಕೊಂಡು, ಅವುಗಳ ಉಪವಾಕ್ಯಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂದು ಎಣಿಸಿದರು. ಅವನನ್ನು ದೋಷಿಯನ್ನಾಗಿಸಿದ ಭಾಗಗಳ ವ್ಯಾಕರಣ ಉಳಿದ ಭಾಗಗಳ ವ್ಯಾಕರಣಕ್ಕೆ ಹೊಂದುತ್ತಿರಲಿಲ್ಲ. 1968ರಲ್ಲಿ ಅವರು ಪ್ರಕಟಿಸಿದ ಆ ಅಧ್ಯಯನದಿಂದಲೇ ಈ ವಿದ್ಯೆಗೆ ಹೆಸರು ಬಂತು.

ಇನ್ನೊಂದು ಪ್ರಕರಣವನ್ನು ತುಸು ವಿವರವಾಗಿ ಹೇಳಬೇಕು. 1952ರ ನವೆಂಬರ್ 2ರ ರಾತ್ರಿ ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನ ಒಂದು ಗೋದಾಮಿನ ಛಾವಣಿ ಏರಿದ್ದ ಇಬ್ಬರು ಹುಡುಗರಲ್ಲಿ ಒಬ್ಬ, ಹದಿನಾರು ವರ್ಷದ ಕ್ರಿಸ್ಟೋಫರ್ ಕ್ರೇಗ್, ಪೊಲೀಸ್ ಒಬ್ಬರನ್ನು ಗುಂಡಿಟ್ಟು ಕೊಂದ. ಇನ್ನೊಬ್ಬ, ಹತ್ತೊಂಬತ್ತು ವರ್ಷದ ಡೆರೆಕ್ ಬೆಂಟ್ಲಿ, ಆ ಹೊತ್ತಿಗಾಗಲೇ ಪೊಲೀಸರ ಕೈಗೆ ಸಿಕ್ಕಿದ್ದ. ಕ್ರೇಗ್‌ನಿಗೆ ವಯಸ್ಸು ಸಾಲದೆ ಗಲ್ಲು ತಪ್ಪಿತು. ಓದುಬರಹ ಬಾರದ, ಬುದ್ಧಿಯಲ್ಲೂ ಹಿಂದುಳಿದಿದ್ದ ಬೆಂಟ್ಲಿಯನ್ನು 1953ರ ಜನವರಿ 28ರಂದು ಗಲ್ಲಿಗೇರಿಸಿದರು. ಅವನ ವಿರುದ್ಧ ನಿಂತ ಸಾಕ್ಷ್ಯಗಳಲ್ಲಿ ಒಂದು ಅವನದೇ ಹೇಳಿಕೆ. ಪೊಲೀಸರು ಪ್ರಮಾಣ ಮಾಡಿ ಹೇಳಿದ್ದು: ನಾವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಅವನು ಹೇಳುತ್ತ ಹೋದ, ನಾವು ಬರೆದುಕೊಂಡೆವು.

ಸುಮಾರು ನಲವತ್ತು ವರ್ಷದ ಮೇಲೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮಾಲ್ಕಮ್ ಕೂಲ್ಟಾರ್ಡ್ ಆ 582 ಪದಗಳ ಹೇಳಿಕೆಯನ್ನು ಕೈಗೆತ್ತಿಕೊಂಡರು. ಅವರು ದೊಡ್ಡ ಪದಗಳನ್ನು ನೋಡಲಿಲ್ಲ. ‘ಆಮೇಲೆ’ ಎಂಬರ್ಥದ ‘ದೆನ್’ ಎನ್ನುವ ಪುಟ್ಟ ಪದವನ್ನು ನೋಡಿದರು. ಅದು ಹತ್ತು ಸಲ ಬಂದಿತ್ತು, ಅಂದರೆ 58 ಪದಕ್ಕೊಮ್ಮೆ. ಸಾಮಾನ್ಯ ಸಾಕ್ಷಿಗಳ ಹೇಳಿಕೆಗಳನ್ನು ಎಣಿಸಿದರೆ 930 ಪದಕ್ಕೊಮ್ಮೆ ಸಿಕ್ಕಿತು. ಪೊಲೀಸರು ತಾವೇ ಬರೆದ ಹೇಳಿಕೆಗಳಲ್ಲಿ 78 ಪದಕ್ಕೊಮ್ಮೆ. ಅದಕ್ಕಿಂತ ಮುಖ್ಯವಾದದ್ದು ಆ ಪದ ವಾಕ್ಯದಲ್ಲಿ ನಿಂತ ಜಾಗ. ಇಂಗ್ಲಿಷಿನವರು ಮಾತಾಡುವಾಗ ‘ದೆನ್ ಐ’ ಎನ್ನುತ್ತಾರೆ, ಆಮೇಲೆ ನಾನು ಎಂದ ಹಾಗೆ. ಬೆಂಟ್ಲಿಯ ಹೇಳಿಕೆಯಲ್ಲಿ ಇದು ತಿರುಗುಮುರುಗಾಗಿ ‘ಐ ದೆನ್’ ಎಂದು ಮತ್ತೆ ಮತ್ತೆ ಬಂದಿತ್ತು. ಆಡುಮಾತಿನ ದೊಡ್ಡ ಸಂಗ್ರಹದಲ್ಲಿ ಹುಡುಕಿದರೆ ಈ ಜೋಡಣೆ 1,65,000 ಪದಗಳಲ್ಲಿ ಒಮ್ಮೆ ಸಿಗುವಂಥದ್ದು. ಪೊಲೀಸರ ಬರವಣಿಗೆಯಲ್ಲಿ ಮಾತ್ರ ಹೆಜ್ಜೆಹೆಜ್ಜೆಗೂ ಇರುವಂಥದ್ದು.

ಇದನ್ನು ಕನ್ನಡದಲ್ಲಿ ಯೋಚಿಸಿದರೆ ತಕ್ಷಣ ತಿಳಿಯುತ್ತದೆ. ನಮ್ಮ ಠಾಣೆಗಳಲ್ಲಿ ಬರೆದುಕೊಂಡ ಯಾವುದೇ ಹೇಳಿಕೆ ತೆಗೆದು ನೋಡಿ. ‘ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು, ಕೂಲಿ ಕೆಲಸ ಮಾಡಿಕೊಂಡಿರುತ್ತೇನೆ. ಸದರಿ ದಿನ ನಾನು ಸದರಿ ಸ್ಥಳಕ್ಕೆ ಹೋಗಿದ್ದು ಇರುತ್ತದೆ.’ ಕೂಲಿ ಮಾಡುವ ಯಾವ ತಾಯಿ, ಯಾವ ಅಣ್ಣ ಹೀಗೆ ಮಾತಾಡಿಯಾರು? ‘ಕೂಲಿಗೆ ಹೋಗ್ತೀನ್ರಿ’ ಎಂದಿರುತ್ತಾರೆ. ಅದು ಕಾಗದಕ್ಕೆ ಇಳಿಯುವಾಗ ಬರೆಯುವವನ ಕನ್ನಡವಾಗುತ್ತದೆ. ಬರೆಯುವವನಿಗೆ ದುರುದ್ದೇಶ ಇಲ್ಲದೆಯೂ ಇರಬಹುದು. ಆದರೆ ‘ಇವನ ಬಾಯಿಂದ ಬಂದ ಮಾತನ್ನೇ ಅಕ್ಷರ ಬಿಡದೆ ಬರೆದೆವು’ ಎಂದು ಪ್ರಮಾಣ ಮಾಡಿದರೆ ಅದು ಸುಳ್ಳಾಗುತ್ತದೆ.

ಬೆಂಟ್ಲಿಯ ಹೇಳಿಕೆಯಲ್ಲಿ ಇನ್ನೊಂದು ಗುರುತಿತ್ತು. ಅವನು ಮಾಡಿದ್ದನ್ನಷ್ಟೇ ಹೇಳದೆ, ಆಗದ್ದನ್ನೂ, ತನಗೆ ಗೊತ್ತಿರದದ್ದನ್ನೂ ನಡುನಡುವೆ ಹೇಳುತ್ತಾನೆ. ನಾವು ಕಂಡದ್ದನ್ನು ಕಥೆಯಾಗಿ ಹೇಳುವಾಗ ‘ಇಲ್ಲ’ ಎನ್ನುವ ವಾಕ್ಯಗಳು ಸುಮ್ಮನೆ ಬರುವುದಿಲ್ಲ. ಸಂತೆಗೆ ಹೋಗಿಬಂದವನು ‘ಸಂತೆಗೆ ಹೋದೆ, ಬದನೆಕಾಯಿ ತಂದೆ’ ಎನ್ನುತ್ತಾನೆ. ‘ಬೆಂಡೆಕಾಯಿ ತರಲಿಲ್ಲ’ ಎನ್ನಬೇಕಾದರೆ ಯಾರೋ ‘ಬೆಂಡೆಕಾಯಿ ತಂದೆಯಾ’ ಎಂದು ಕೇಳಿರಬೇಕು. ಹಾಗೆ ನೋಡಿದರೆ ಆ ನಿಷೇಧ ವಾಕ್ಯಗಳ ಹಿಂದೆ ಅಳಿಸಿಹೋದ ಪ್ರಶ್ನೆಗಳು ಕಾಣತೊಡಗುತ್ತವೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಎಂಬ ಪೊಲೀಸರ ಮಾತು ವಾಕ್ಯಗಳ ಎದುರು ನಿಲ್ಲಲಿಲ್ಲ.

ಬೆಂಟ್ಲಿಯ ಸೋದರಿ ಐರಿಸ್ ತನ್ನ ಬಾಳನ್ನೆಲ್ಲ ಈ ಒಂದು ಹೋರಾಟಕ್ಕೆ ತೆತ್ತು, ತೀರ್ಪು ನೋಡದೆಯೇ 1997ರಲ್ಲಿ ತೀರಿಕೊಂಡಳು. ಮರುವರ್ಷ, 1998ರ ಜುಲೈ 30ರಂದು, ಮೇಲ್ಮನವಿ ನ್ಯಾಯಾಲಯ ಅವನ ಮೇಲಿನ ಅಪರಾಧ ನಿರ್ಣಯವನ್ನು ರದ್ದು ಮಾಡಿತು. ಅದಕ್ಕೆ ಮುಖ್ಯ ಕಾರಣ ಅಂದಿನ ನ್ಯಾಯಾಧೀಶರು ಜ್ಯೂರಿಗೆ ಪಕ್ಷಪಾತದಿಂದ ವಿವರಿಸಿದ್ದೇ ಹೊರತು ಕೂಲ್ಟಾರ್ಡರ ಲೆಕ್ಕವಲ್ಲ. ಇದನ್ನು ಹೇಳದೆ ಬಿಟ್ಟರೆ ಕಥೆ ಚೆನ್ನಾಗಿರುತ್ತದೆ, ಆದರೆ ನಿಜವಾಗಿರುವುದಿಲ್ಲ.

ಈಗ ಅಂಕಿತದ ಮಾತಿಗೆ ಬರೋಣ. ನಮ್ಮ ಶರಣರ ವಚನಗಳಿಗೆ ಅಂಕಿತವೇ ಸಹಿ. ಗುಹೇಶ್ವರ ಎಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಸಹಿ ಮಾಡುವುದಕ್ಕೆ ಎಷ್ಟು ಸುಲಭವೋ ಕದಿಯುವುದಕ್ಕೂ ಅಷ್ಟೇ ಸುಲಭ. ನಾಲ್ಕು ಒಳ್ಳೆಯ ಮಾತು ಬರೆದು ಕೆಳಗೆ ‘ಕೂಡಲಸಂಗಮದೇವ’ ಎಂದು ಹಾಕಿದರೆ ಅದು ಊರೂರು ತಿರುಗುತ್ತದೆ. ಸರ್ವಜ್ಞನಿಗೆ ಆಗಿದ್ದೂ ಇದೇ. ಮೂರು ಸಾಲು ಕಟ್ಟಬಲ್ಲವರೆಲ್ಲ ಕೊನೆಗೆ ‘ಸರ್ವಜ್ಞ’ ಸೇರಿಸಿದರು. ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ಊರೂರು ಅಲೆದು ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸುವಾಗ ಪಟ್ಟ ಕಷ್ಟದಲ್ಲಿ ಇದೂ ಒಂದು.

ಅಮೆರಿಕದಲ್ಲಿ ಅಂಕಿತದ ಇಂಥದೇ ಒಂದು ತೊಡಕು ಬಿಡಿಸಿದ ಕಥೆ ಇದೆ. 1787 ಮತ್ತು 88ರಲ್ಲಿ ಅಲ್ಲಿನ ಹೊಸ ಸಂವಿಧಾನದ ಪರವಾಗಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು ಪತ್ರಿಕೆಗಳಲ್ಲಿ 85 ಲೇಖನ ಬರೆದರು. ಮೂವರದೂ ಒಂದೇ ಅಂಕಿತ: ಪಬ್ಲಿಯಸ್. ಮುಂದೆ ಅದರಲ್ಲಿ 12 ಲೇಖನ ಹ್ಯಾಮಿಲ್ಟನ್ನದೋ ಮ್ಯಾಡಿಸನ್ನದೋ ಎಂದು ಜಗಳವಾಯಿತು. ಫ್ರೆಡರಿಕ್ ಮಾಸ್ಟೆಲರ್ ಎಂಬ ಸಂಖ್ಯಾಶಾಸ್ತ್ರಜ್ಞ ಮೊದಲು ವಾಕ್ಯಗಳ ಉದ್ದ ಅಳೆದು ನೋಡಿದರು. ಹ್ಯಾಮಿಲ್ಟನ್ನನ ವಾಕ್ಯದ ಸರಾಸರಿ ಉದ್ದ 34.55 ಪದ, ಮ್ಯಾಡಿಸನ್ನನದು 34.59! ಇಬ್ಬರೂ ಒಂದೇ ಕಾಲದ, ಒಂದೇ ಬಗೆಯ ವಿದ್ಯೆಯ ಜನ. ಉದ್ದದ ಗಜಕಡ್ಡಿ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಆಮೇಲೆ ಡೇವಿಡ್ ವ್ಯಾಲೇಸ್ ಜೊತೆ ಸೇರಿ ಸಣ್ಣಪುಟ್ಟ ಪದಗಳನ್ನು ಎಣಿಸಿದರು. ‘ಮೇಲೆ’ ಎಂಬುದಕ್ಕೆ ಹ್ಯಾಮಿಲ್ಟನ್ ‘ಅಪಾನ್’ ಎಂದು ಧಾರಾಳವಾಗಿ ಬರೆಯುತ್ತಿದ್ದ, ಮ್ಯಾಡಿಸನ್ ಅದನ್ನು ಮುಟ್ಟುತ್ತಿದ್ದುದೇ ಅಪರೂಪ. ಇಂಥ ಹತ್ತಾರು ಪದಗಳ ಲೆಕ್ಕ ಹಿಡಿದು 1964ರಲ್ಲಿ ಆ ಹನ್ನೆರಡೂ ಮ್ಯಾಡಿಸನ್ನನವೇ ಇರಬೇಕೆಂದು ತೋರಿಸಿದರು.

ಸಣ್ಣ ಪದವೇ ಏಕೆ? ದೊಡ್ಡ ಪದವನ್ನು ನಾವು ಆರಿಸಿ ಬಳಸುತ್ತೇವೆ, ಆದ್ದರಿಂದ ಇನ್ನೊಬ್ಬನು ನಕಲು ಮಾಡಬಲ್ಲ. ವಚನದಂತೆ ಬರೆಯಬೇಕೆನ್ನುವವನು ‘ಅಯ್ಯಾ’ ಎನ್ನುತ್ತಾನೆ, ‘ಲಿಂಗ’, ‘ಜಂಗಮ’, ‘ಕಾಯಕ’, ‘ದಾಸೋಹ’ ಎನ್ನುತ್ತಾನೆ. ಅವನು ಮೈಮರೆಯುವುದು ಈ ಪದಗಳ ನಡುವಿನ ಬೆಸುಗೆಯಲ್ಲಿ. ವಾಕ್ಯ ಮುರಿಯುವ ಜಾಗ, ‘ಇಲ್ಲ’ ಎನ್ನುವ ರೀತಿ, ಒಂದು ಮಾತಿಗೆ ಇನ್ನೊಂದನ್ನು ಕೂಡಿಸುವ ಪರಿ ನಡಿಗೆಯ ಹಾಗೆ. ಬಟ್ಟೆ ಬದಲಿಸಿದರೂ ನಡಿಗೆ ಬದಲಾಗದು.

ನಾನು ಸಭೆಯಲ್ಲಿ ಓದಿದ ಆ ಖೊಟ್ಟಿ ವಚನವನ್ನು ಈ ಕಣ್ಣಿನಿಂದ ಮತ್ತೆ ನೋಡಿದೆ. ‘ಸಮಾಜ’ ಎಂಬ ಪದ ಇಂದಿನ ಅರ್ಥದಲ್ಲಿ ಕೂತಿತ್ತು, ಅದಿರಲಿ. ‘ಕೇವಲ ಇದಲ್ಲ, ಅದೂ ಕೂಡ’ ಎಂಬ ಜೋಡಣೆಯೊಂದಿತ್ತು. ಇದು ನಾವು ಶಾಲೆಯಲ್ಲಿ ಇಂಗ್ಲಿಷ್ ಕಲಿತ ಮೇಲೆ ಕನ್ನಡಕ್ಕೆ ತಂದುಕೊಂಡ ಕಟ್ಟು. ಎರಡು ಹೆಸರುಗಳ ನಡುವೆ ‘ಮತ್ತು’ ಇತ್ತು. ಹಳೆಯ ಕನ್ನಡ ಹೆಸರುಗಳನ್ನು ಸುಮ್ಮನೆ ಸಾಲಾಗಿ ಇಡುತ್ತದೆ, ಇಲ್ಲವೇ ಪ್ರತಿಯೊಂದರ ಬಾಲಕ್ಕೆ ‘ಊ’ ಸೇರಿಸುತ್ತದೆ. ವಾಕ್ಯದ ಮೊದಲಿಗೆ ‘ಆದರೆ’ ಎಂದು ಇಂದಿನ ಪತ್ರಿಕೆಯ ಹಾಗೆ ಅಡ್ಡಮಾತಿಗೆ ಬಳಸಿತ್ತು. ವಚನಗಳ ಕಾಲದಲ್ಲಿ ‘ಆದಡೆ’ ಎಂದರೆ ‘ಹಾಗಾದ ಪಕ್ಷದಲ್ಲಿ’ ಎಂದರ್ಥ. ‘ಮಾಡುವುದಿಲ್ಲ’ ಎಂದಿತ್ತು. ವಚನಕಾರರು ಒಂದೇ ಕ್ರಿಯಾಪದದಲ್ಲಿ ‘ಇಲ್ಲ’ವನ್ನು ಅಡಗಿಸಿ ‘ಮಾಡೆ’, ‘ಒಲ್ಲೆ’, ‘ಅರಿಯೆ’ ಎನ್ನುತ್ತಾರೆ. ಒಂದೊಂದನ್ನೇ ಹಿಡಿದರೆ ಯಾವುದೂ ಸಾಕ್ಷಿಯಲ್ಲ. ನಾಲ್ಕು ಸಾಲಿನೊಳಗೆ ಇಷ್ಟೂ ಕೂಡಿ ಬಂದರೆ, ಅದನ್ನು ಬರೆದವನು ಮೊಬೈಲ್ ಕೈಯಲ್ಲಿ ಹಿಡಿದವನು ಎನ್ನಲು ಅನುಮಾನ ಬೇಕಿಲ್ಲ. ಯಜಮಾನರಿಗೆ ಈ ಯಾವ ಪಟ್ಟಿಯೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇಂಥ ಪರೀಕ್ಷೆಗೆ ಧರ್ಮಗ್ರಂಥಗಳು ಹೊಸಬವೇನೂ ಅಲ್ಲ. ಪಶ್ಚಿಮದ ನೆಲದ ಒಡೆತನವನ್ನೇ ಪೋಪರಿಗೆ ಬಿಟ್ಟುಕೊಟ್ಟಂತೆ ಕಾನ್‌ಸ್ಟಂಟೈನ್ ಚಕ್ರವರ್ತಿಯ ಹೆಸರಿನ ಒಂದು ದಾನಪತ್ರವಿತ್ತು. ಲೊರೆಂಜೊ ವಲ್ಲಾ ಎಂಬ ಇಟಲಿಯ ವಿದ್ವಾಂಸ 1440ರಲ್ಲಿ ಅದರ ಲ್ಯಾಟಿನ್ ಆ ಚಕ್ರವರ್ತಿಯ ನಾಲ್ಕನೆಯ ಶತಮಾನದ್ದಲ್ಲ, ಎಷ್ಟೋ ಕಾಲದ ನಂತರದ್ದು ಎಂದು ಪದಪದ ಹಿಡಿದು ತೋರಿಸಿದ. ಎಂಬತ್ತು ವರ್ಷದ ಮೇಲೆ ಆ ಬರಹ ಓದಿದ ಮಾರ್ಟಿನ್ ಲೂಥರ್ ಕನಲಿಹೋದ. ಸುಧಾರಣೆ ಬಯಸುವವರಿಗೆ ವ್ಯಾಕರಣ ಎಷ್ಟು ಹರಿತವಾದ ಆಯುಧ ಎಂದು ಇದರಿಂದ ತಿಳಿಯುತ್ತದೆ.

ಆದರೆ ಆಯುಧ ಹರಿತವಿದ್ದಷ್ಟೂ ಕೈ ಕೊಯ್ದುಕೊಳ್ಳುವುದು ಸುಲಭ. ಸ್ಕಾಟ್ಲೆಂಡಿನ ಆಂಡ್ರ್ಯೂ ಮಾರ್ಟನ್ ಸ್ವತಃ ಚರ್ಚಿನ ಪಾದ್ರಿ. 1960ರ ದಶಕದಲ್ಲಿ ಅವರು ಸಂತ ಪೌಲನ ಪತ್ರಗಳ ವಾಕ್ಯದ ಉದ್ದ ಮತ್ತು ಸಣ್ಣ ಪದಗಳನ್ನು ಗಣಕಯಂತ್ರದಿಂದ ಎಣಿಸಿ, ಪೌಲನ ಹೆಸರಿನಲ್ಲಿರುವ ಪತ್ರಗಳಲ್ಲಿ ಅವನು ನಿಜಕ್ಕೂ ಬರೆದವು ಮುಖ್ಯವಾದ ನಾಲ್ಕೇ ಎಂದು ಸಾರಿದರು. ಸ್ವಂತ ಧರ್ಮದ ಗ್ರಂಥವನ್ನು ಹೀಗೆ ತಕ್ಕಡಿಗೆ ಹಾಕಿದ ಧೈರ್ಯ ಮೆಚ್ಚಬೇಕಾದ್ದೇ. ಆದರೆ ಅದೇ ಅಳತೆಯಿಂದ ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಅಳೆದರೆ ಅದನ್ನು ಐದು ಜನ ಬರೆದಂತೆ ಬರುತ್ತದೆ ಎಂದು ಅಮೆರಿಕದ ಇನ್ನೊಬ್ಬ ಪಾದ್ರಿ ತೋರಿಸಿದರು. ಮಾರ್ಟನ್ನರು ಮುಂದೆ ರೂಪಿಸಿದ ಇನ್ನೊಂದು ವಿಧಾನ 1990ರ ದಶಕದಲ್ಲಿ ಇಂಗ್ಲೆಂಡಿನ ಕೋರ್ಟುಗಳಿಗೂ ಹೋಯಿತು. ಟೆಲಿವಿಷನ್ನಿನಲ್ಲಿ ಎಲ್ಲರ ಮುಂದೆ ಪರೀಕ್ಷೆಗಿಟ್ಟಾಗ ಬೇರೆ ಬೇರೆ ಇಬ್ಬರ ಬರಹವನ್ನು ಒಬ್ಬನದೇ ಎಂದು ಹೇಳಿ ಅದು ನಗೆಪಾಟಲಾಯಿತು. ಒಂದೇ ಒಂದು ಅಳತೆಯನ್ನು ನಂಬಿದ್ದು ಅವರ ತಪ್ಪು.

ವಚನಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬಸವಣ್ಣನವರ ಕೈಬರಹ ನಮ್ಮಲ್ಲಿ ಯಾರೂ ಕಂಡಿಲ್ಲ. ಹನ್ನೆರಡನೆಯ ಶತಮಾನದ ಮಾತು ನಮಗೆ ಸಿಕ್ಕಿರುವುದು ಬಹುಪಾಲು ವಿಜಯನಗರದ ಕಾಲ ಮತ್ತು ಅದರಿಂದೀಚಿನ ಓಲೆಗರಿಗಳಲ್ಲಿ. ನಡುವೆ ಎಷ್ಟು ಬಾಯಿ, ಎಷ್ಟು ಕಂಠ (ಓಲೆಯ ಮೇಲೆ ಕೊರೆಯುವ ಆ ಲೋಹದ ಕಡ್ಡಿಯ ಹೆಸರೂ ಕಂಠವೇ) ದಾಟಿ ಬಂದಿದೆಯೋ! ‘ದಡೆ’ ಎಂಬುದು ಒಂದು ಪ್ರತಿಯಲ್ಲಿದ್ದರೆ ಇನ್ನೊಂದರಲ್ಲಿ ‘ದರೆ’ ಆಗಿರುತ್ತದೆ. ಅದು ಲಿಪಿಕಾರನ ನಾಲಿಗೆ. ಅದನ್ನು ಹಿಡಿದುಕೊಂಡು ವಚನವನ್ನೇ ಖೊಟ್ಟಿ ಎಂದರೆ ಅನ್ಯಾಯ. ಶೂನ್ಯಸಂಪಾದನೆಯನ್ನು ನೋಡಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ, ಈ ನಾಲ್ವರೂ ಬಿಡಿ ವಚನಗಳನ್ನು ಪ್ರಶ್ನೋತ್ತರದ ಎಳೆಯಲ್ಲಿ ಪೋಣಿಸಿದರು. ಒಬ್ಬರ ವಚನ ಇನ್ನೊಬ್ಬರಿಗೆ ಉತ್ತರವಾಗಬೇಕಾದರೆ ಅಲ್ಲಿ ಇಲ್ಲಿ ಒಂದು ಸಂಬೋಧನೆ ಬದಲಾಗಿರಬಹುದು, ಒಂದು ಸಾಲು ಕೂಡಿರಬಹುದು. ಅದು ಮೋಸವಲ್ಲ, ಆ ಕಾಲದ ಭಕ್ತಿಯ ಕೆಲಸ. ಆದರೂ ನಮ್ಮ ಅಳತೆಗೆ ಸಿಗುವ ವಾಕ್ಯದಲ್ಲಿ ಇಬ್ಬರ ಕೈ ಬೆರೆತಿದೆ.

ಇನ್ನೊಂದು ತೊಂದರೆ ಪ್ರಮಾಣದ್ದು. ಬಸವಣ್ಣನವರ ವಚನಗಳು ಸಾವಿರಕ್ಕೂ ಮೀರಿವೆ, ಅವನ್ನಿಟ್ಟುಕೊಂಡು ಒಂದು ಅನುಮಾನದ ವಚನವನ್ನು ತೂಗಬಹುದು. ಆದರೆ ಒಂದೋ ಎರಡೋ ವಚನ ಮಾತ್ರ ಉಳಿದಿರುವ ಶರಣ ಶರಣೆಯರು ಎಷ್ಟಿಲ್ಲ! ಅಲ್ಲಿ ತೂಗುವುದಕ್ಕೆ ಎದುರು ತಟ್ಟೆಯಲ್ಲಿ ಇಡಲು ಏನೂ ಇಲ್ಲ. ಅಂಥ ಕಡೆ ಎಣಿಕೆ ಮಾಡಿ ತೀರ್ಪು ಕೊಡುವವನನ್ನು ನಂಬಬಾರದು. ಆಯ್ದಕ್ಕಿ ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’, ಅವರ ಪತಿ ಮಾರಯ್ಯನವರದು ‘ಅಮರೇಶ್ವರಲಿಂಗ’. ಓಲೆ ನಕಲು ಮಾಡುವವನು ಒಂದು ಪದ ಬಿಟ್ಟರೆ ಹೆಂಡತಿಯ ವಚನ ಗಂಡನ ಹೆಸರಿಗೆ ಹೋಗುತ್ತದೆ. ಒಂದು ಗೋಷ್ಠಿಯಲ್ಲಿ, ಓದಿಕೊಂಡವರೇ ಒಬ್ಬರು, ‘ಅಕ್ಕಿ ಆಯುವ ಹೆಣ್ಣುಮಗಳು ಇಂಥ ಮಾತು ಆಡಿಯಾಳೇ, ಗಂಡನದೇ ಇರಬೇಕು’ ಎಂದದ್ದನ್ನು ನಾನೇ ಕೇಳಿದ್ದೇನೆ. ಅವರ ಕೈಯಲ್ಲಿ ಯಾವ ವ್ಯಾಕರಣವೂ ಇರಲಿಲ್ಲ. ಹೆಂಗಸು, ಅದೂ ದುಡಿಯುವ ಹೆಂಗಸು ಎಂಬುದಷ್ಟೇ ಸಾಕ್ಷ್ಯ. ಬೆಂಟ್ಲಿ ಆಡದ ಮಾತನ್ನು ಪೊಲೀಸರು ಅವನ ಬಾಯಿಗೆ ತುರುಕಿದರು. ಇವರು ಲಕ್ಕಮ್ಮ ಆಡಿದ ಮಾತನ್ನು ಆಕೆಯ ಬಾಯಿಂದ ಕಸಿಯುತ್ತಿದ್ದರು.

ನನ್ನ ಮುಖ್ಯ ತಕರಾರು ಇರುವುದು ಇಲ್ಲಿಯೇ, ಮತ್ತು ಅದು ಹೊರಗಿನವರ ಮೇಲಲ್ಲ. ಸುಧಾರಣೆಯ ಮಾತಾಡುವ ನಾವೇ ವಚನವನ್ನು ಹೇಗೆ ಒಪ್ಪುತ್ತೇವೆ, ಹೇಗೆ ತಳ್ಳುತ್ತೇವೆ? ನಮ್ಮ ವಿಚಾರಕ್ಕೆ ಮುಜುಗರ ತರುವ ಒಂದು ವಚನ ಸಂಪುಟದಲ್ಲಿ ಸಿಕ್ಕಿದರೆ ‘ಇದು ಪ್ರಕ್ಷಿಪ್ತ, ವೈದಿಕರು ಸೇರಿಸಿದ್ದು’ ಎಂದು ಒಂದೇ ಮಾತಿಗೆ ಹೊರಹಾಕುತ್ತೇವೆ. ನಮಗೆ ಹಿತವಾದ ವಚನ ಎಲ್ಲಿಂದಲೋ ಬಂದರೆ ಮೂಲ ಕೇಳದೆ ವೇದಿಕೆಯಿಂದ ಓದುತ್ತೇವೆ. ನಾನು ಓದಿದ ಹಾಗೆ. ಎರಡಕ್ಕೂ ಒಂದೇ ತಕ್ಕಡಿ ಇಲ್ಲದಿದ್ದರೆ ಅದು ಸಂಶೋಧನೆಯಲ್ಲ, ಅನುಕೂಲ. ವಚನಗಳಲ್ಲಿ ಪ್ರಕ್ಷೇಪಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಖಂಡಿತ ಇವೆ. ಆದರೆ ಒಂದು ವಚನ ಪ್ರಕ್ಷಿಪ್ತ ಎನ್ನುವವನು ಅದು ಯಾವ ಪ್ರತಿಗಳಲ್ಲಿದೆ, ಯಾವುದರಲ್ಲಿಲ್ಲ, ಅದರ ವಾಕ್ಯ ಅದೇ ಶರಣರ ಉಳಿದ ವಾಕ್ಯಗಳಿಗಿಂತ ಎಲ್ಲಿ ಬೇರೆ ನಡೆಯುತ್ತದೆ ಎಂದು ತೋರಿಸಬೇಕು. ತೋರಿಸಲಾಗದಿದ್ದರೆ ‘ಈ ವಚನದ ವಿಚಾರವನ್ನು ನಾನು ಒಪ್ಪುವುದಿಲ್ಲ’ ಎಂದು ನೇರವಾಗಿ ಹೇಳುವ ಧೈರ್ಯ ಇರಬೇಕು.

ಅಂಕಿತವನ್ನೇ ಬದಲಿಸಿದ ಪ್ರಸಂಗ ನಮ್ಮೆಲ್ಲರಿಗೂ ಗೊತ್ತಿರುವುದೇ. ಮಾತೆ ಮಹಾದೇವಿಯವರು ‘ಕೂಡಲಸಂಗಮದೇವ’ದ ಜಾಗದಲ್ಲಿ ‘ಲಿಂಗದೇವ’ ಎಂದಿಟ್ಟು ಪ್ರಕಟಿಸಿದ ‘ಬಸವ ವಚನ ದೀಪ್ತಿ’ಯನ್ನು ಸರ್ಕಾರ 1998ರಲ್ಲಿ ನಿಷೇಧಿಸಿತು, ಆ ನಿಷೇಧವನ್ನು 2017ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಪುಸ್ತಕ ನಿಷೇಧಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಅಂಕಿತ ಬದಲಿಸುವುದರಲ್ಲೂ ಇಲ್ಲ. ಈ ಲೇಖನಕ್ಕೆ ಬೇಕಾದ ಮಾತು ಇಷ್ಟೇ: ಒಂದು ಪದ ಬದಲಾದದ್ದಕ್ಕೆ ಎರಡು ದಶಕ ಬೀದಿ, ಕೋರ್ಟು ಎಂದು ಅಲೆದ ನಮ್ಮ ಸಮಾಜ, ಅಂಕಿತ ಸರಿಯಿದ್ದು ಮೇಲಿನ ವಚನವೇ ಖೊಟ್ಟಿಯಾಗಿರುವ ನೂರಾರು ತುಣುಕುಗಳು ದಿನವೂ ಹರಿದಾಡಿದರೂ ತುಟಿ ಬಿಚ್ಚುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಸಾಮಗ್ರಿ ನಮ್ಮ ಹಿರಿಯರು ಇಟ್ಟುಹೋಗಿದ್ದಾರೆ. ಫ.ಗು. ಹಳಕಟ್ಟಿಯವರು ಹರಿದ ಕೋಟು ತೊಟ್ಟು ಮನೆಮನೆಗೆ ಹೋಗಿ ಓಲೆಗರಿ ಬೇಡಿ ತಂದು, 1923ರಲ್ಲಿ ‘ವಚನಶಾಸ್ತ್ರ ಸಾರ’ ಅಚ್ಚು ಹಾಕಿಸಿದರು. ಡಾ. ಎಂ.ಎಂ. ಕಲಬುರ್ಗಿಯವರು ಗ್ರಂಥ ಸಂಪಾದನೆಯ ಶಾಸ್ತ್ರವನ್ನೇ ಕನ್ನಡದಲ್ಲಿ ಬರೆದರು, ಅವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳು ಬಂದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು, ಒಂದೊಂದಕ್ಕೂ ಒಂದು ಸಂಖ್ಯೆ. ಇಂದು ಅವುಗಳನ್ನು ಗಣಕದಲ್ಲಿ ಪದ ಹಾಕಿ ಹುಡುಕಲೂಬಹುದು. ಬೆಂಟ್ಲಿಯ ಹೇಳಿಕೆಗಾಗಿ ಕೂಲ್ಟಾರ್ಡರು ಬಳಸಿದಂಥ ಸಂಗ್ರಹ, ನಮಗೆ ಬೇಕಾದ ಮಟ್ಟಿಗೆ, ನಮ್ಮ ಮಠದ ಗ್ರಂಥಾಲಯದ ಕಪಾಟಿನಲ್ಲೇ ಇದೆ. ಅನೇಕ ಕಡೆ ಆ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಬೇರೆ ಪ್ರಶ್ನೆ.

ಮಠಗಳ ಪೂಜ್ಯರಲ್ಲಿ, ಪತ್ರಿಕೆಗಳ ಸಂಪಾದಕರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ನಮ್ಮ ಪತ್ರಿಕೆಗಳಲ್ಲಿ, ಕ್ಯಾಲೆಂಡರಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಮಠದ ಗೋಡೆಯ ಮೇಲೆ ವಚನ ಹಾಕುವಾಗ ಕೆಳಗೆ ಸಂಪುಟ ಮತ್ತು ವಚನದ ಸಂಖ್ಯೆ ಹಾಕಲಿ. ಸಂಖ್ಯೆ ಸಿಗದಿದ್ದರೆ ಹಾಕುವುದೇ ಬೇಡ. ಒಳ್ಳೆಯ ವಿಚಾರ ಬಿಟ್ಟುಹೋಗುತ್ತದಲ್ಲ ಎನ್ನುವವರಿದ್ದಾರೆ. ವಿಚಾರ ಒಳ್ಳೆಯದಿದ್ದರೆ ಬರೆದವನು ತನ್ನ ಹೆಸರಿನಲ್ಲೇ ಬರೆಯಲಿ. ಬಸವಣ್ಣನವರ ಹೆಸರಿನ ನೆರಳು ಅದಕ್ಕೆ ಏಕೆ ಬೇಕು? ಶಿವಾನುಭವ ಗೋಷ್ಠಿಗಳಲ್ಲಿ ತಿಂಗಳಿಗೊಂದು ದಿನ ಒಬ್ಬ ಶರಣರ ಹತ್ತು ವಚನಗಳನ್ನು ಅರ್ಥಕ್ಕಾಗಿ ಅಲ್ಲ, ನಡಿಗೆಗಾಗಿ ಗಟ್ಟಿಯಾಗಿ ಓದಿಸಲಿ. ಅಲ್ಲಮಪ್ರಭು ವಾಕ್ಯವನ್ನು ಎಲ್ಲಿ ನಿಲ್ಲಿಸುತ್ತಾರೆ, ಬಸವಣ್ಣನವರು ಎಲ್ಲಿ ತಿರುಗಿಸುತ್ತಾರೆ ಎಂದು ಮಕ್ಕಳಿಗೆ ಕೇಳಿಸಲಿ. ಕಿವಿ ಒಮ್ಮೆ ಪಳಗಿದರೆ ಅರ್ಧ ಖೊಟ್ಟಿ ಅಲ್ಲಿಯೇ ಸಿಕ್ಕಿಬೀಳುತ್ತದೆ, ಉಳಿದರ್ಧಕ್ಕೆ ವಿದ್ವಾಂಸರಿದ್ದಾರೆ.

ಆ ಹಳ್ಳಿಯ ಮಠದ ಅಪ್ಪಗಳಿಗೆ ಫೋನು ಮಾಡಿ, ಬರುವ ಹುಣ್ಣಿಮೆಯ ಶಿವಾನುಭವದಲ್ಲಿ ಐದು ನಿಮಿಷ ಕೊಡಬೇಕೆಂದು ಕೇಳಿಕೊಂಡಿದ್ದೇನೆ. ಬಸವಣ್ಣನವರದೆಂದು ನಾನು ಓದಿದ್ದು ಅವರದಲ್ಲ ಎಂದು ಅದೇ ವೇದಿಕೆಯಿಂದ ಹೇಳಬೇಕಾಗಿದೆ. ಯಜಮಾನರು ಮೊದಲ ಸಾಲಿನಲ್ಲೇ ಕೂಡುತ್ತಾರಂತೆ. ಈ ಸಲ ಸಂಪುಟ ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತೇನೆ.